ಪುರಾಣವೀರರು ಮತ್ತು ಬೆಳ್ಳಿತೆರೆ

ಕಥೆ ಕೇಳುವ ಹಂಬಲ ಮನುಷ್ಯನಿಗೆ ಮಾತಿನೊಡನೆಯೇ ಬಂದುದು. ಆ ಕಥೆಯಲ್ಲಿ ಒಬ್ಬ ವೀರನಿದ್ದು, ಅವನಿಗೆ ಎದುರಾಗಿ ಒಂದು ಘೋರಜೀವಿ ನಿಂತು, ನಡುವೆ ದಾಟಲಾರದ ಕಡಲೋ ಏರಲಾರದ ಬೆಟ್ಟವೋ ಇದ್ದರಂತೂ ಕೇಳುವವನ ಕಣ್ಣಿಗೆ ನಿದ್ದೆ ಹತ್ತದು. ಈ ಮಾತು ಬೆಳಗಾವಿಗೆ ಎಷ್ಟು ನಿಜವೋ ದೂರದ ಗ್ರೀಸ್ ದೇಶಕ್ಕೂ ಅಷ್ಟೇ ನಿಜ. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆಯ ಉದ್ದಕ್ಕೂ ರೇಣುಕೆಯ ಮತ್ತು ಪರಶುರಾಮನ ಕಥೆಗಳು ಹರಡಿಕೊಂಡಿವೆ. ಪರಶುರಾಮನು ನೆತ್ತರು ಅಂಟಿದ ತನ್ನ ಕೊಡಲಿಯನ್ನು ತೊಳೆದಾಗ ಇದೇ ನದಿಯ ನೀರು ಐಹೊಳೆಯ ಬಳಿ ಕೆಂಪಾಯಿತೆಂದು ಜನ ಹೇಳುತ್ತಾರೆ. ಅದೇ ರೀತಿಯಲ್ಲಿ ಗ್ರೀಕರೂ ತಮ್ಮ ನಾಡಿನ ಒಂದೊಂದು ಗುಹೆಗೆ, ಒಂದೊಂದು ದ್ವೀಪಕ್ಕೆ ಒಬ್ಬೊಬ್ಬ ವೀರನ ಹೆಸರನ್ನು ಜೋಡಿಸಿದ್ದರು.

ಈ ಹಳೆಯ ಕಥೆಗಳು ಇಂದು ಬಹುಮಂದಿಗೆ ತಲುಪುತ್ತಿರುವುದು ಪುಸ್ತಕದ ಮೂಲಕವಲ್ಲ, ಚಲನಚಿತ್ರದ ಮೂಲಕ. ದಂಡುಪ್ರದೇಶವನ್ನು ಒಳಗೊಂಡ ಬೆಳಗಾವಿ ನಗರದಲ್ಲಿ ಕನ್ನಡ, ಮರಾಠಿ, ಹಿಂದಿ ಚಿತ್ರಗಳೊಡನೆ ಇಂಗ್ಲಿಷ್ ಚಿತ್ರಗಳಿಗೂ ನೋಡುಗರಿದ್ದಾರೆ. ಗ್ರೀಕ್ ಪುರಾಣವನ್ನು ಆಧರಿಸಿದ ಸಾಹಸಚಿತ್ರಗಳಿಗೆ ಇಂಥ ಊರಿನಲ್ಲಿ ಒಂದು ವಿಶೇಷ ಅನುಕೂಲವುಂಟು. ಅವುಗಳನ್ನು ಸವಿಯಲು ಭಾಷೆ ಅಷ್ಟಾಗಿ ಬೇಕಾಗುವುದಿಲ್ಲ. ಮನೆಯಲ್ಲಿ ಕನ್ನಡ ಆಡುವವನೂ, ಮರಾಠಿ ಆಡುವವನೂ, ಕೊಂಕಣಿ ಅಥವಾ ಉರ್ದು ಆಡುವವನೂ ಒಂದೇ ಸಾಲಿನಲ್ಲಿ ಕುಳಿತು, ಒಂದೇ ಗಳಿಗೆಯಲ್ಲಿ ಬೆಚ್ಚಿ, ಒಂದೇ ಗಳಿಗೆಯಲ್ಲಿ ನಗಬಲ್ಲರು. ಹಾವುಗಳೇ ಕೂದಲಾದ ಮೆಡೂಸಾ ತೆರೆಯ ಮೇಲೆ ತಲೆಯೆತ್ತಿದಾಗ ಅನುವಾದಕರ ಅಗತ್ಯವೇನು?

ಗ್ರೀಕ್ ಪುರಾಣದಲ್ಲಿ ಚಿತ್ರಕಾರರನ್ನು ಹೆಚ್ಚಾಗಿ ಸೆಳೆದ ವೀರರು ನಾಲ್ವರು. ನೋಡಿದವರನ್ನೆಲ್ಲ ಕಲ್ಲಾಗಿಸುವ ಮೆಡೂಸಾಳ ತಲೆಯನ್ನು, ಗುರಾಣಿಯಲ್ಲಿ ಮೂಡಿದ ಅವಳ ಬಿಂಬವನ್ನು ನೋಡುತ್ತ ಕಡಿದವನು ಪರ್ಸಿಯಸ್. ಚಿನ್ನದ ತುಪ್ಪಟದ ಟಗರುದೊಗಲನ್ನು ತರಲು ಆರ್ಗೋ ಎಂಬ ಹಡಗನ್ನೇರಿ ಹೋದವನು ಜೇಸನ್. ಹನ್ನೆರಡು ಅಸಾಧ್ಯಕಾರ್ಯಗಳನ್ನು ಮಾಡಿ ಮುಗಿಸಿದ ಮಹಾಬಲಶಾಲಿ ಹೆರಾಕ್ಲಿಸ್. ಇವನನ್ನು ರೋಮನರು ಹರ್ಕ್ಯುಲಿಸ್ ಎಂದು ಕರೆದರು. ಟ್ರಾಯ್ ಯುದ್ಧವನ್ನು ಮುಗಿಸಿ, ಹತ್ತು ವರ್ಷ ಅಲೆದಾಡಿ ಮನೆ ಸೇರಿದ ಜಾಣ ಒಡಿಸಿಯಸ್. ನಾಲ್ವರ ಕಥೆಯಲ್ಲಿಯೂ ಒಂದು ಸಾಮಾನ್ಯ ಅಂಶವಿದೆ: ವೀರನಿಗೆ ಒಂದು ಗುರಿಯನ್ನು ಒಪ್ಪಿಸಲಾಗುತ್ತದೆ, ದಾರಿಯಲ್ಲಿ ಒಂದಾದ ಮೇಲೊಂದು ಕಂಟಕ ಬರುತ್ತದೆ, ತೋಳಬಲದಿಂದಲೋ ಬುದ್ಧಿಬಲದಿಂದಲೋ ಅವನು ಅದನ್ನು ಗೆಲ್ಲುತ್ತಾನೆ. ಚಲನಚಿತ್ರಕ್ಕೆ ಇದಕ್ಕಿಂತ ಒಪ್ಪುವ ಹಂದರ ಸಿಗುವುದು ಕಷ್ಟ.

ಚಲನಚಿತ್ರ ಹುಟ್ಟಿ ಹತ್ತು ವರ್ಷ ತುಂಬುವಷ್ಟರಲ್ಲಿಯೇ ಈ ಹಂದರ ಬಳಕೆಗೆ ಬಂದಿತು. 1905ರಲ್ಲಿ ಫ್ರಾನ್ಸಿನ ಜಾರ್ಜ್ ಮೆಲಿಯೆ ಎಂಬಾತ ಒಡಿಸಿಯಸ್ ಮತ್ತು ಒಕ್ಕಣ್ಣಿನ ರಾಕ್ಷಸ ಪಾಲಿಫೀಮಸ್‌ನ ಪ್ರಸಂಗವನ್ನು ಒಂದು ಪುಟ್ಟ ಮೂಕಚಿತ್ರವಾಗಿ ತೆಗೆದನು. ಮೆಲಿಯೆ ಮೊದಲು ಇಂದ್ರಜಾಲಗಾರನಾಗಿದ್ದವನು. ಕ್ಯಾಮರಾ ಅವನ ಕೈಯಲ್ಲಿ ಹೊಸದೊಂದು ಮಾಯಾದಂಡವಾಯಿತು. 1958ರಲ್ಲಿ ಇಟಲಿಯಲ್ಲಿ ‘ಹರ್ಕ್ಯುಲಿಸ್’ ಚಿತ್ರ ತಯಾರಾಯಿತು. ಅಂಗಸಾಧನೆಯಲ್ಲಿ ಹೆಸರಾಗಿದ್ದ ಅಮೆರಿಕದ ಸ್ಟೀವ್ ರೀವ್ಸ್ ಅದರ ನಾಯಕ. ಆ ಚಿತ್ರದ ಯಶಸ್ಸನ್ನು ಕಂಡು ಮುಂದಿನ ಕೆಲವು ವರ್ಷ ಇಟಲಿಯಲ್ಲಿ ಅಂಥ ಚಿತ್ರಗಳ ಮಳೆಯೇ ಸುರಿಯಿತು. 1963ರಲ್ಲಿ ‘ಜೇಸನ್ ಅಂಡ್ ದಿ ಆರ್ಗೊನಾಟ್ಸ್’, 1981ರಲ್ಲಿ ‘ಕ್ಲ್ಯಾಶ್ ಆಫ್ ದಿ ಟೈಟನ್ಸ್’ ಬಂದವು. ಎರಡನೆಯದರ ಕಥೆಯನ್ನು 2010ರಲ್ಲಿ ಮತ್ತೊಮ್ಮೆ, ಗಣಕಯಂತ್ರದ ನೆರವಿನಿಂದ, ಹೊಸದಾಗಿ ಚಿತ್ರಿಸಲಾಯಿತು.

1963ರ ಚಿತ್ರದ ಒಂದು ದೃಶ್ಯವನ್ನು ಇಲ್ಲಿ ವಿವರವಾಗಿ ನೋಡಬೇಕು. ಹೆಡೆಗಳು ಹಲವಿರುವ ಘೋರಸರ್ಪದ ಹಲ್ಲುಗಳನ್ನು ನೆಲಕ್ಕೆ ಬಿತ್ತುತ್ತಲೇ ಭೂಮಿಯಿಂದ ಏಳು ಅಸ್ಥಿಪಂಜರಗಳು ಕತ್ತಿ ಗುರಾಣಿ ಹಿಡಿದು ಏಳುತ್ತವೆ. ಜೇಸನ್ ಮತ್ತು ಅವನ ಇಬ್ಬರು ಸಂಗಡಿಗರು ಅವುಗಳೊಡನೆ ಕಾದುತ್ತಾರೆ. ನೆತ್ತರಿನ ಹನಿಯೊಂದು ನೆಲಕ್ಕೆ ಬಿದ್ದರೆ ಹೊಸ ಅಸುರನೊಬ್ಬ ಏಳುವ ರಕ್ತಬೀಜನ ಕಥೆಯನ್ನು ಬಲ್ಲ ಭಾರತೀಯ ಪ್ರೇಕ್ಷಕನಿಗೆ ಈ ದೃಶ್ಯ ಹೊಸದೆನಿಸದು. ಆದರೆ ಅದನ್ನು ತೆರೆಯ ಮೇಲೆ ತಂದ ಬಗೆ ಅಚ್ಚರಿಯದು. ರೇ ಹ್ಯಾರಿಹೌಸನ್ ಎಂಬ ಕುಶಲಿಯು ಸಣ್ಣ ಅಸ್ಥಿಪಂಜರದ ಗೊಂಬೆಗಳನ್ನು ಮಾಡಿಸಿ, ಅವುಗಳ ಕೈಕಾಲುಗಳನ್ನು ಕೂದಲೆಳೆಯಷ್ಟು ಸರಿಸಿ ಒಂದು ಚಿತ್ರ ತೆಗೆಯುವನು. ಮತ್ತೆ ತುಸು ಸರಿಸಿ ಇನ್ನೊಂದು ಚಿತ್ರ ತೆಗೆಯುವನು. ತೆರೆಯ ಮೇಲೆ ಒಂದು ಸೆಕೆಂಡು ಕಳೆಯಬೇಕಾದರೆ ಇಂಥ 24 ಚಿತ್ರಗಳು ಓಡಬೇಕು. ನಟರು ಗಾಳಿಯೊಡನೆ ಕತ್ತಿ ಬೀಸಿದ ದೃಶ್ಯವನ್ನು ಮೊದಲೇ ತೆಗೆದಿಟ್ಟುಕೊಂಡು, ಗೊಂಬೆಗಳ ಪ್ರತಿ ಹೊಡೆತವನ್ನು ಅದಕ್ಕೆ ಹೊಂದಿಸಬೇಕಾಗಿತ್ತು. ಕೆಲವೇ ನಿಮಿಷಗಳ ಈ ಕಾಳಗಕ್ಕೆ ನಾಲ್ಕೂವರೆ ತಿಂಗಳು ಹಿಡಿದವು. ಜೇಡಿಮಣ್ಣಿನ ಕುಂಬಾರಿಕೆಗೆ ಹೆಸರಾದ ಖಾನಾಪುರದಲ್ಲಿ ಬೆಳೆದ ಮಕ್ಕಳಿಗೆ ಈ ತಾಳ್ಮೆಯನ್ನು ಹೆಚ್ಚು ವಿವರಿಸಿ ಹೇಳಬೇಕಾಗಿಲ್ಲ. ಬೆರಳಿನ ಒಂದು ಸಣ್ಣ ತಪ್ಪಿಗೆ ಇಡೀ ಮಡಕೆ ಕೆಡುವುದನ್ನು ಅವರು ಕಣ್ಣಾರೆ ಕಂಡಿರುತ್ತಾರೆ.

ಇಂಥ ಚಿತ್ರಗಳು ಮನಸ್ಸನ್ನು ಹಗುರಗೊಳಿಸುವುದಕ್ಕೆ ಕಾರಣಗಳು ಹಲವು. ಮೊದಲನೆಯದು, ನಿರ್ಭಯವಾದ ಭಯ. ಅಪಾಯವೆಲ್ಲ ತೆರೆಯ ಮೇಲಿದೆ, ಪ್ರೇಕ್ಷಕನು ಕುರ್ಚಿಯಲ್ಲಿದ್ದಾನೆ. ವೀರನು ಗೆಲ್ಲುವನೆಂಬುದು ಮೊದಲೇ ತಿಳಿದಿದೆ. ಹೇಗೆ ಗೆಲ್ಲುವನೆಂಬುದಷ್ಟೇ ಕುತೂಹಲ. ಎರಡನೆಯದು, ಅಸಾಧ್ಯವು ಕಣ್ಣಿಗೆ ಕಾಣುವ ಸಂತೋಷ. ರೆಕ್ಕೆಯುಳ್ಳ ಕುದುರೆಯನ್ನು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳುವುದು ಬೇರೆ, ಅದು ಮೋಡಗಳ ನಡುವೆ ಹಾರುವುದನ್ನು ನೋಡುವುದೇ ಬೇರೆ. ಮೂರನೆಯದು, ಒಳಿತು ಕೆಡುಕುಗಳ ಸ್ಪಷ್ಟತೆ. ದಿನನಿತ್ಯದ ಬಾಳಿನಲ್ಲಿ ಯಾರು ಸರಿ, ಯಾರು ತಪ್ಪು ಎಂದು ಹೇಳುವುದು ಸುಲಭವಲ್ಲ. ತೆರೆಯ ಮೇಲೆ ಆ ಕಷ್ಟವಿಲ್ಲ. ನಾಲ್ಕನೆಯದು ನಗೆ. 1981ರ ಚಿತ್ರದಲ್ಲಿ ಪರ್ಸಿಯಸ್‌ನ ಸಂಗಡ ಯಂತ್ರದ ಗೂಬೆಯೊಂದು ಕಿರಿಕಿರಿ ಸದ್ದು ಮಾಡುತ್ತ ಹಾರಾಡುತ್ತದೆ. ಗ್ರೀಕರ ಯಾವ ಕಥೆಯಲ್ಲಿಯೂ ಅಂಥ ಗೂಬೆಯಿಲ್ಲ. ಆದರೂ ಮಕ್ಕಳು ನೆನಪಿನಲ್ಲಿ ಇಟ್ಟುಕೊಳ್ಳುವುದು ಅದನ್ನೇ.

ಚಿತ್ರಕಾರರು ತೆಗೆದುಕೊಳ್ಳುವ ಸ್ವಾತಂತ್ರ್ಯ ಗೂಬೆಗೇ ನಿಲ್ಲುವುದಿಲ್ಲ. ಅದೇ ಚಿತ್ರದಲ್ಲಿ ಆಂಡ್ರೊಮಿಡಾಳನ್ನು ನುಂಗಲು ಬರುವ ಕಡಲಜೀವಿಗೆ ಕ್ರಾಕೆನ್ ಎಂಬ ಹೆಸರಿದೆ. ಅದು ಗ್ರೀಸಿನ ಹೆಸರಲ್ಲ, ಉತ್ತರ ಯೂರೋಪಿನ ನಾವಿಕರ ಕಥೆಯದು. ರೆಕ್ಕೆಯ ಕುದುರೆ ಪೆಗಸಸ್‌ನನ್ನು ಪಳಗಿಸಿ ಏರಿದವನು ಮೂಲದಲ್ಲಿ ಬೆಲರೊಫಾನ್ ಎಂಬ ಬೇರೊಬ್ಬ ವೀರ. ಚಿತ್ರದಲ್ಲಿ ಪರ್ಸಿಯಸ್ ಅದನ್ನು ಏರುತ್ತಾನೆ. ಇದನ್ನು ಕಂಡು ಹಳೆಯ ಕಥೆಗೆ ಅಪಚಾರವಾಯಿತೆಂದು ಬೇಸರಪಡುವವರಿದ್ದಾರೆ. ಗಂಭೀರವಾದ ಪುರಾಣವನ್ನು ವಿನೋದದ ಸರಕಾಗಿ ಮಾಡಬಹುದೆ ಎಂಬುದು ಅವರ ಪ್ರಶ್ನೆ. ಈ ಪ್ರಶ್ನೆಗೆ ಉತ್ತರವನ್ನು ಗ್ರೀಕರಲ್ಲಿಯೇ ಹುಡುಕುವುದು ಲೇಸು.

ಪ್ರಾಚೀನ ಅಥೆನ್ಸ್ ನಗರದ ನಾಟಕೋತ್ಸವದಲ್ಲಿ ಕವಿಯೊಬ್ಬನು ಮೂರು ದುರಂತನಾಟಕಗಳನ್ನು ಆಡಿಸಿದ ಮೇಲೆ ಪುರಾಣವನ್ನೇ ಆಧರಿಸಿದ ಒಂದು ನಗೆಯಾಟವನ್ನೂ ಆಡಿಸುವ ಪದ್ಧತಿಯಿತ್ತು. ಅಂಥ ನಗೆಯಾಟಗಳಲ್ಲಿ ಪೂರ್ಣವಾಗಿ ಉಳಿದು ಬಂದಿರುವುದು ಯೂರಿಪಿಡಿಸ್‌ನ ಒಂದೇ ಕೃತಿ. ಅದರ ವಸ್ತುವೂ ಒಡಿಸಿಯಸ್ ಮತ್ತು ಒಕ್ಕಣ್ಣ ಪಾಲಿಫೀಮಸ್‌ನ ಪ್ರಸಂಗವೇ. ಎರಡು ಸಾವಿರ ವರ್ಷಗಳಿಗೂ ಹೆಚ್ಚು ಕಾಲ ಕಳೆದು ಮೆಲಿಯೆ ತನ್ನ ಮೂಕಚಿತ್ರಕ್ಕೆ ಆರಿಸಿಕೊಂಡ ಕಥೆಯನ್ನು ಗ್ರೀಕರು ಆಗಲೇ ನಗುತ್ತ ನೋಡಿದ್ದರು! ಕ್ರಿ.ಪೂ. 405ರಲ್ಲಿ ಅರಿಸ್ಟೊಫನಿಸ್ ಬರೆದ ‘ಕಪ್ಪೆಗಳು’ ಎಂಬ ನಾಟಕದಲ್ಲಿ ಡಯೊನೈಸಸ್ ದೇವನು ಹೆರಾಕ್ಲಿಸ್‌ನಂತೆ ಸಿಂಹದ ಚರ್ಮ ಹೊದ್ದು ಪಾತಾಳಕ್ಕೆ ಹೊರಡುತ್ತಾನೆ. ಒಳಗೆ ಮಾತ್ರ ಪುಕ್ಕಲು. ಆ ನಾಟಕ ನಡೆದುದು ಅದೇ ಡಯೊನೈಸಸ್‌ನ ಹಬ್ಬದಲ್ಲಿ. ದೇವರ ಹಬ್ಬದಲ್ಲಿ ದೇವರನ್ನೇ ಕಂಡು ನಕ್ಕ ಜನ ಅವನನ್ನು ಪೂಜಿಸುವುದನ್ನು ಬಿಡಲಿಲ್ಲ. ಹೀಗೆ ಹಗುರತನವೆಂಬುದು ಚಲನಚಿತ್ರವು ಹೊರಗಿನಿಂದ ತಂದು ಸೇರಿಸಿದ ಗುಣವಲ್ಲ. ಅದು ಪುರಾಣದ ಜೊತೆಯಲ್ಲಿಯೇ ಬೆಳೆದುದು.

ಇಂಥ ಗ್ರೀಕ್ ವಿನೋದಕ್ಕೂ ಕನ್ನಡ ನಾಡಿಗೂ ಒಂದು ನಂಟಿದ್ದಿರಬಹುದೆಂಬ ಸಂಗತಿ ಕುತೂಹಲಕರವಾಗಿದೆ. ಈಜಿಪ್ಟಿನ ಆಕ್ಸಿರಿಂಕಸ್ ಎಂಬಲ್ಲಿ ದೊರೆತು 1903ರಲ್ಲಿ ಪ್ರಕಟವಾದ ಹಳೆಯ ಓಲೆಯೊಂದರಲ್ಲಿ ಗ್ರೀಕ್ ಪ್ರಹಸನವಿದೆ. ಯೂರಿಪಿಡಿಸ್‌ನ ಇಫಿಜಿನೈಯಾಳ ಕಥೆಯನ್ನು ಅಣಕಿಸುವಂತೆ ಬರೆದ ಆಟ ಅದು. ಖಾರಿಟಿಯನ್ ಎಂಬ ಗ್ರೀಕ್ ತರುಣಿ ಭಾರತದ ಕಡಲತೀರದ ಅರಸನೊಬ್ಬನ ಕೈಗೆ ಸಿಕ್ಕಿಬಿದ್ದಿರುತ್ತಾಳೆ. ಅವಳ ಅಣ್ಣನು ಬಂದು, ಅರಸನಿಗೂ ಅವನ ಪರಿವಾರಕ್ಕೂ ಮದ್ಯ ಕುಡಿಸಿ, ಅವಳನ್ನು ಹಡಗಿಗೆ ಹತ್ತಿಸಿಕೊಂಡು ಪಾರಾಗುತ್ತಾನೆ. ಅರಸನ ಕಡೆಯವರು ಆಡುವ ಗ್ರೀಕೇತರ ಮಾತುಗಳು ಕನ್ನಡವಿರಬಹುದೆಂದು ಹುಲ್ಟ್ಸ್ ಎಂಬ ಜರ್ಮನ್ ವಿದ್ವಾಂಸನು ಸೂಚಿಸಿದನು. ಆರ್. ಶಾಮಶಾಸ್ತ್ರಿ, ಮಂಜೇಶ್ವರದ ಎಂ. ಗೋವಿಂದ ಪೈ ಮೊದಲಾದವರು ಈ ವಿಚಾರವನ್ನು ಮುಂದುವರಿಸಿದರು. ಇದನ್ನು ಒಪ್ಪದ ವಿದ್ವಾಂಸರೂ ಇದ್ದಾರೆ. ಆ ಮಾತುಗಳು ಯಾವ ಭಾಷೆಯವಾದರೂ ಆಗಲಿ, ಪುರಾಣದ ಎಳೆ, ಕಡಲಯಾನ, ಕಾಪಾಡುವ ವೀರ, ಕೊನೆಯಲ್ಲಿ ನಗೆ, ಇವೆಲ್ಲವನ್ನೂ ಕೂಡಿಸಿದ ಮನರಂಜನೆ ಎಷ್ಟು ಹಳೆಯದೆಂಬುದಕ್ಕೆ ಈ ಪ್ರಹಸನ ಸಾಕ್ಷಿಯಾಗಿದೆ.

ಇನ್ನು ಬೆಳಗಾವಿಯ ಕಡೆಗೆ ತಿರುಗಿದರೆ, ಇಲ್ಲಿಯ ಜನರಿಗೆ ಪುರಾಣವಿನೋದ ಹೊಸದಲ್ಲವೆಂಬುದು ಕಾಣುತ್ತದೆ. ಖಾನಾಪುರ ತಾಲೂಕಿನ ಹಲಸಿಯು ಕದಂಬರ ಕಾಲದಲ್ಲಿ ಪಲಾಶಿಕಾ ಎಂಬ ಹೆಸರಿನಿಂದ ಮೆರೆದ ನಗರ. ಅಲ್ಲಿಯ ಭೂವರಾಹ ನರಸಿಂಹ ದೇವಾಲಯದಲ್ಲಿ ಭೂದೇವಿಯನ್ನು ಎತ್ತಿ ಹಿಡಿದ ವರಾಹಮೂರ್ತಿಯಿದೆ. ಹಿರಣ್ಯಾಕ್ಷನ ವಧೆ, ಭೂಮಿಯ ಉದ್ಧಾರ ಎಂಬ ಇಡೀ ಸಾಹಸಕಥೆಯನ್ನು ಶಿಲ್ಪಿಯು ಒಂದೇ ನಿಲುವಿನಲ್ಲಿ ತೋರಿಸಿದ್ದಾನೆ. ಕಲ್ಲಿನಲ್ಲಿ ನಿಂತುಹೋದ ಇಂಥ ಕಥೆಗೆ ಚಲನೆ ಕೊಟ್ಟದ್ದು ಬಯಲಾಟ. ಉತ್ತರ ಕರ್ನಾಟಕದ ದೊಡ್ಡಾಟದಲ್ಲಿ ಕಿರೀಟ, ಭುಜಕೀರ್ತಿಗಳನ್ನು ತೊಟ್ಟ ವೀರರು ಅಟ್ಟ ಅಲುಗುವಂತೆ ಹೆಜ್ಜೆ ಹಾಕುತ್ತಾರೆ; ಸಾರಥಿಯು ಅವರನ್ನು ನೀವು ಯಾರೆಂದು ಕೇಳುತ್ತ, ನಡುನಡುವೆ ನಗೆಮಾತಾಡುತ್ತಾನೆ. ಖಾನಾಪುರಕ್ಕೆ ಹತ್ತಿದ ಗೋವೆಯ ಸತ್ತರಿ ಸೀಮೆಯಲ್ಲಿ ಹೋಳಿಯ ದಿನಗಳಲ್ಲಿ ಪುರಾಣಕಥೆಗಳನ್ನು ರಣಮಾಲೆ ಎಂಬ ಜನಪದ ನಾಟಕವಾಗಿ ಆಡುವ ಸಂಪ್ರದಾಯವಿದೆ.

ಹಗುರತನದಲ್ಲಿ ಎಲ್ಲಕ್ಕೂ ಮಿಗಿಲಾದುದು ‘ಶ್ರೀಕೃಷ್ಣ ಪಾರಿಜಾತ’. ಬೆಳಗಾವಿ ಜಿಲ್ಲೆಯ ಕುಲಗೋಡದ ತಮ್ಮಣ್ಣ ಇದನ್ನು ರಂಗದ ಮೇಲೆ ಬೆಳೆಸಿದನೆಂದು ಪ್ರತೀತಿ. ಅದೇ ಜಿಲ್ಲೆಯ ಕೌಜಲಗಿಯ ನಿಂಗಮ್ಮ ಇದರ ಹೆಸರಾಂತ ಕಲಾವಿದೆ. ನಾರದನು ತಂದ ಪಾರಿಜಾತದ ಹೂವನ್ನು ಕೃಷ್ಣನು ರುಕ್ಮಿಣಿಗೆ ಕೊಟ್ಟನೆಂದು ಸತ್ಯಭಾಮೆ ಮುನಿಯುತ್ತಾಳೆ. ಅವಳನ್ನು ಒಲಿಸಲು ಜಗದೊಡೆಯನು ಕೊರವಂಜಿಯ ವೇಷ ಹಾಕಬೇಕಾಗುತ್ತದೆ. ದ್ವಾರಕೆಯ ಅರಮನೆಯವರು ಅಪ್ಪಟ ಬಡಗನಾಡಿನ ಮಾತಿನಲ್ಲಿ ಜಗಳವಾಡುತ್ತಾರೆ. ಹಗಲಿನಲ್ಲಿ ಕೃಷ್ಣನಿಗೆ ಕೈಮುಗಿದ ಜನರೇ ರಾತ್ರಿಯಲ್ಲಿ ಅವನ ಪೇಚಾಟವನ್ನು ಕಂಡು ನಗುತ್ತಾರೆ. ಅವರ ಭಕ್ತಿಗೆ ಅದರಿಂದ ಕುಂದಿಲ್ಲ. ಅರಿಸ್ಟೊಫನಿಸ್‌ನ ಪ್ರೇಕ್ಷಕರಿಗೂ ಈ ಪ್ರೇಕ್ಷಕರಿಗೂ ಎಷ್ಟು ಹೋಲಿಕೆ!

ಈ ವಿನೋದವು ಭಾಷೆಯ ಗಡಿಯನ್ನೂ ಲೆಕ್ಕಿಸಲಿಲ್ಲ. ಉತ್ತರ ಕನ್ನಡದ ಕರ್ಕಿಯ ಭಾಗವತರ ಮೇಳ ಸಾಂಗಲಿಯಲ್ಲಿ ಆಡಿದ ಆಟದಿಂದ ಪ್ರೇರಣೆ ಪಡೆದು ವಿಷ್ಣುದಾಸ ಭಾವೆ 1843ರಲ್ಲಿ ‘ಸೀತಾ ಸ್ವಯಂವರ’ವನ್ನು ಆಡಿಸಿದರು, ಮರಾಠಿ ರಂಗಭೂಮಿ ಅಲ್ಲಿಂದ ಬೆಳೆಯಿತು. ಅದೇ ವರ್ಷ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಜನಿಸಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಮುಂದೆ 1882ರಲ್ಲಿ ‘ಸಂಗೀತ ಸೌಭದ್ರ’ವನ್ನು ರಂಗಕ್ಕೆ ತಂದರು. ಅರ್ಜುನನು ಸಂನ್ಯಾಸಿಯ ವೇಷ ಹಾಕಿ ಸುಭದ್ರೆಯನ್ನು ಪಡೆಯುವ ಆ ನಾಟಕವೂ ಪುರಾಣವಿನೋದವೇ. 1934ರ ಮಾರ್ಚ್ 3ರಂದು ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ ಪುರಾಣದ ಕಥೆಯೇ. ಅದರ ಚಿತ್ರೀಕರಣ ನಡೆದುದು ಬೆಳಗಾವಿಯ ನೆರೆಯ ಕೊಲ್ಲಾಪುರದಲ್ಲಿ. ಕನ್ನಡಕ್ಕೆ ಮರಾಠಿ ನಾಡು, ಮರಾಠಿಗೆ ಕನ್ನಡ ನಾಡು ಹೀಗೆ ಕೊಟ್ಟು ಕೊಂಡು ಬಾಳಿದುದನ್ನು ಗಡಿಯ ಊರಿನವರು ಮರೆಯಬಾರದು.

ಪುರಾಣಚಿತ್ರಗಳಲ್ಲಿ ಹಾಸ್ಯಕ್ಕೂ ಸಾಹಸಕ್ಕೂ ಒಟ್ಟಿಗೆ ಹೆಸರಾದುದು 1957ರ ‘ಮಾಯಾಬಜಾರ್’. ಕೆ. ವಿ. ರೆಡ್ಡಿಯವರು ನಿರ್ದೇಶಿಸಿದ ಈ ಚಿತ್ರ ತೆಲುಗು, ತಮಿಳುಗಳಲ್ಲಿ ತಯಾರಾಗಿ ಕನ್ನಡದ ಮಾತುಗಳೊಡನೆಯೂ ಬಂದಿತು. ಘಟೋತ್ಕಚನು ಮದುವೆಯ ಊಟವನ್ನೆಲ್ಲ ಒಬ್ಬನೇ ಕಬಳಿಸುವ ದೃಶ್ಯದಲ್ಲಿ ತಟ್ಟೆಗಳು ತಾವೇ ಸರಿದು ಬರುತ್ತವೆ, ಲಾಡುಗಳು ಹಾರಿ ಬಾಯಿಗೆ ಬೀಳುತ್ತವೆ. ಗ್ರೀಕ್ ನಗೆನಾಟಕಗಳಲ್ಲಿಯೂ ಮಹಾವೀರ ಹೆರಾಕ್ಲಿಸ್ ಹೊಟ್ಟೆಬಾಕನಾಗಿಯೇ ಬರುತ್ತಾನೆಂಬುದನ್ನು ಇಲ್ಲಿ ನೆನೆಯಬಹುದು. ದೊಡ್ಡ ತೋಳಿನವನಿಗೆ ದೊಡ್ಡ ಹೊಟ್ಟೆಯನ್ನು ಕೊಟ್ಟು ನಗುವುದು ಎರಡೂ ನಾಡುಗಳ ಜನರಿಗೆ ಒಪ್ಪಿದ ವಿನೋದ. ಹುಣಸೂರು ಕೃಷ್ಣಮೂರ್ತಿಯವರ 1977ರ ‘ಬಭ್ರುವಾಹನ’ ಚಿತ್ರದಲ್ಲಿ ಡಾ. ರಾಜಕುಮಾರ್ ಅರ್ಜುನನಾಗಿಯೂ ಅವನ ಮಗ ಬಭ್ರುವಾಹನನಾಗಿಯೂ ನಟಿಸಿ, ತನ್ನೊಡನೆ ತಾನೇ ಕಾದಾಡಿದರು. ಒಬ್ಬನೇ ನಟ ಇಬ್ಬರಾಗಿ ಬಾಣ ಬಿಡುವುದನ್ನು ಕಂಡ ಪ್ರೇಕ್ಷಕರ ಬೆರಗೂ ಅಸ್ಥಿಪಂಜರಗಳ ಕಾಳಗವನ್ನು ಕಂಡವರ ಬೆರಗೂ ಒಂದೇ ಬಗೆಯವು.

ಇಷ್ಟು ಹೋಲಿಕೆಯಿದ್ದರೂ ಒಂದು ಮುಖ್ಯವಾದ ವ್ಯತ್ಯಾಸವಿದೆ. ‘ಮಾಯಾಬಜಾರ್’ ಮದುವೆಯಲ್ಲಿ ಮುಗಿಯುತ್ತದೆ. ಮಹಾಭಾರತ ಅಲ್ಲಿ ಮುಗಿಯುವುದಿಲ್ಲ. ಆ ಮದುವೆಯ ವರನಾದ ಅಭಿಮನ್ಯು ಚಕ್ರವ್ಯೂಹದಲ್ಲಿ ಬೀಳುತ್ತಾನೆ. ನಗಿಸಿದ ಘಟೋತ್ಕಚ ಕರ್ಣನ ಶಕ್ತ್ಯಾಯುಧಕ್ಕೆ ಬಲಿಯಾಗುತ್ತಾನೆ. ಕುಮಾರವ್ಯಾಸನ ಭಾರತವನ್ನು ಕೇಳಿ ಬೆಳೆದ ಪ್ರೇಕ್ಷಕನಿಗೆ ಇದು ಗೊತ್ತು. ಗೊತ್ತಿದ್ದೇ ಅವನು ನಗುತ್ತಾನೆ. ಆದುದರಿಂದ ಆ ನಗೆಯ ಅಡಿಯಲ್ಲಿ ಒಂದು ತೂಕವಿರುತ್ತದೆ. ಗ್ರೀಕ್ ಕಥೆಯ ಚಿತ್ರವನ್ನು ನೋಡುವ ಬೆಳಗಾವಿಯ ಬಾಲಕನಿಗೆ ಆ ಹಿನ್ನೆಲೆ ಇರುವುದಿಲ್ಲ. 1963ರ ಚಿತ್ರದಲ್ಲಿ ಜೇಸನ್ ಚಿನ್ನದ ತುಪ್ಪಟವನ್ನೂ ಮೀಡಿಯಾ ಎಂಬ ಸುಂದರಿಯನ್ನೂ ಗೆದ್ದು ನಗುತ್ತಾನೆ. ಮೂಲದಲ್ಲಿ ಅವನು ಮುಂದೆ ಮೀಡಿಯಾಳನ್ನು ತೊರೆದು ಇನ್ನೊಬ್ಬಳನ್ನು ಬಯಸುತ್ತಾನೆ. ಅದರ ಫಲ ಘೋರವಾಗುತ್ತದೆ. ಹೆರಾಕ್ಲಿಸ್ ಹುಚ್ಚಿನ ಆವೇಶದಲ್ಲಿ ತನ್ನ ಮಕ್ಕಳನ್ನೇ ಕೊಂದವನು; ಅವನ ಹನ್ನೆರಡು ಸಾಹಸಗಳು ಆ ಪಾಪಕ್ಕೆ ಪ್ರಾಯಶ್ಚಿತ್ತವೆಂದು ಹೇಳುವ ಕಥೆಯೂ ಉಂಟು. ಹಗುರವಾದ ಚಿತ್ರಗಳು ಈ ಸಂಗತಿಗಳನ್ನು ಬಹುಮಟ್ಟಿಗೆ ಬಿಟ್ಟುಬಿಡುತ್ತವೆ. ಬಲವುಳ್ಳವನು ತನ್ನ ಬಲದಿಂದಲೇ ಕೆಡಬಹುದೆಂಬ ಅರಿವು ಪುರಾಣದ ತಿರುಳು. ತೆರೆಯ ಮೇಲೆ ಅದರ ಹೊರಗಣ ಹೊಳಪಷ್ಟೇ ಉಳಿಯುತ್ತದೆ.

ಹಾಗೆಂದು ಇಂಥ ಚಿತ್ರಗಳನ್ನು ನೋಡಬಾರದೆಂದಲ್ಲ. ಹೊಳಪನ್ನು ಕಂಡು ಒಳಗನ್ನು ಹುಡುಕಿದವರು ಉಂಟು. ಬಿ. ಎಂ. ಶ್ರೀಕಂಠಯ್ಯನವರು ಸೊಫೊಕ್ಲಿಸ್‌ನ ‘ಅಜಾಕ್ಸ್’ ದುರಂತನಾಟಕವನ್ನು ಓದಿ, ಅದರ ವೀರನ ರೋಷವನ್ನೂ ಪತನವನ್ನೂ ಮಹಾಭಾರತದ ಅಶ್ವತ್ಥಾಮನಲ್ಲಿ ಕಂಡು, ‘ಅಶ್ವತ್ಥಾಮನ್’ ನಾಟಕವನ್ನು ರಚಿಸಿದರು. ಪರದೇಶದ ಪುರಾಣ ತನ್ನ ನಾಡಿನ ಪುರಾಣವನ್ನು ಹೊಸ ಕಣ್ಣಿನಿಂದ ನೋಡಲು ನೆರವಾಗಬಲ್ಲದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ನಿಜವಾದ ಆತಂಕ ಬೇರೆಯ ಕಡೆಗಿದೆ. ರಾತ್ರಿಯಿಡೀ ನಡೆಯುವ ಬಯಲಾಟಗಳಿಗೆ ಪ್ರೇಕ್ಷಕರು ಮೊದಲಿನಂತೆ ಸೇರುವುದಿಲ್ಲ. ಕಥೆ ಹೇಳುವ ಅಜ್ಜಿಯ ಬಳಿ ಮೊಮ್ಮಕ್ಕಳು ಕೂರುವುದೂ ವಿರಳವಾಗಿದೆ. ಹೀಗೆಯೇ ಮುಂದುವರಿದರೆ ಪರ್ಸಿಯಸ್‌ನಂತೆ ಅಭಿಮನ್ಯುವೂ ಕೇವಲ ತೆರೆಯ ಮೇಲಿನ ಸಾಹಸಿಯಾಗಿ ಉಳಿದಾನು. ಅವನ ಗೆಲುವು ನೆನಪಿರುತ್ತದೆ, ಅವನಿಗಾಗಿ ಅತ್ತವರು ಮರೆತುಹೋಗುತ್ತಾರೆ. ಇದನ್ನು ತಡೆಯುವ ಉಪಾಯ ಕಠಿಣವಾದುದಲ್ಲ. ಚಿತ್ರವನ್ನು ಮನಸಾರೆ ನೋಡಿ ನಗಬೇಕು. ನೋಡಿ ಬಂದ ಮೇಲೆ ಆ ಕಥೆಯ ಮೂಲವನ್ನು ಒಮ್ಮೆ ಓದಬೇಕು. ಊರಿನಲ್ಲಿ ಆಟವಿದ್ದ ರಾತ್ರಿ ಬಯಲಿನಲ್ಲಿ ಹೋಗಿ ಕುಳಿತುಕೊಳ್ಳಬೇಕು. ಹಲಸಿಯ ವರಾಹಮೂರ್ತಿಯ ಎದುರು ನಿಂತಾಗ, ಈ ದೇವನು ಎತ್ತಿ ಹಿಡಿದಿರುವುದು ಏನನ್ನು, ಏಕೆ ಎಂದು ಕೇಳಿಕೊಳ್ಳಬೇಕು. ಚಿತ್ರದ ವಿನೋದ ಎರಡು ಗಂಟೆಗಳದು. ಅದು ಹುಟ್ಟಿಸಿದ ಪ್ರಶ್ನೆಯಾದರೋ ಬಹುಕಾಲ ಜೊತೆಗಿರುತ್ತದೆ.